ಹಲಗೆ ಬಡಿದ ದಿನ ಯಾರು ಸತ್ತಿದ್ದರು?

ಹುಲಿಯಪ್ಪನ ಬಾಯಿ ಊರಿನದು. ಹೊಟ್ಟೆ ಮಾತ್ರ ಅವನದು.

ಇಪ್ಪತ್ತಾರು ವರ್ಷ ಆ ಬಾಯಿಂದ ಅವನು ಸಾರಿದ್ದೆಲ್ಲ ಬೇರೆಯವರ ಮಾತು. ನಾಳೆ ನಲ್ಲಿ ಬರಂಗಿಲ್ಲ. ನಾಡಿದ್ದು ಕಂದಾಯ ಕಟ್ಟೋಕೆ ಕಡೇ ದಿನ. ನಾಯಿ ಹಿಡಿಯೋ ಗಾಡಿ ಬರ್ತೈತೆ, ಸಾಕಿದ ನಾಯಿ ಕಟ್ಟಿಕೊಳ್ರಿ. ಬೆಳಿಗ್ಗೆ ಹರಿಹರ, ಮಧ್ಯಾಹ್ನ ದಾವಣಗೆರೆ. ಎಡಹೆಗಲಿಗೆ ಹಲಗೆ, ಬಲಗೈಲಿ ಕೋಲು, ಕಾಲಿಗೆ ಟೈರಿನ ಚಪ್ಪಲಿ. ಓಣಿ ಮೂಲೆಯಲ್ಲಿ ನಿಂತು ಮೂರು ಸುತ್ತು ಬಡಿದು "ಕೇಳ್ರಪೋ ಕೇಳ್ರಿ" ಅಂದರೆ ಎರಡು ಬೀದಿ ಆಚೆ ರೊಟ್ಟಿ ತಟ್ಟೋ ಕೈ ನಿಲ್ಲೋದು. ಬೇಸಿಗೆಯಲ್ಲಿ ಗಂಟಲು ಹರಿದು ಉಗುಳು ಕೆಂಪಗಾಗೋದು. ಎಲೆಅಡಿಕೆ ಅಂತ ತಿಳಿದೋರೇ ಜಾಸ್ತಿ.

ಅವನಿಗೆ ಇನ್ನೊಂದು ವಿದ್ಯೆ ಇತ್ತು. ಒಂದು ಸಲ ಕೇಳಿದ ದನಿ ಅವನ ಗಂಟಲಲ್ಲಿ ಬಾಡಿಗೆ ಕೊಡದೆ ಠಿಕಾಣಿ ಹೂಡೋದು. ಕಂದಾಯದ ಸುದ್ದಿಯನ್ನು ಗುಮಾಸ್ತನ ಮೂಗಿನ ದನಿಯಲ್ಲೇ ಹೇಳೋನು. ನೀರಿನ ಸುದ್ದಿಯನ್ನು ಇಂಜಿನಿಯರಿನ ಹಾಗೆ ಕೆಮ್ಮಿ ಕೆಮ್ಮಿ ಹೇಳೋನು. ಜನ ಬಾಗಿಲಿಗೆ ಬಂದು ನಗೋರು. ನಲ್ಲಿಯಲ್ಲಿ ನೀರು ಬರಂಗಿಲ್ಲ ಅನ್ನೋದಕ್ಕೂ ನಗಿಸಿ ಹೋಗುವ ಮನುಷ್ಯ ಹುಲಿಯಪ್ಪ.

ಅಕ್ಕಿ ಗಿರಣಿ ಸಾವ್ಕಾರ್ರು ಕೆಂಚವೀರಪ್ಪನವರ ಕಾಂಪೌಂಡ್ ಗೋಡೆ ಮೇಲೆ ಒಂದು ಗಾಜಿನ ಲೋಟ ಬೋರಲು ಬಿದ್ದಿರುತ್ತಿತ್ತು. ಮಳೆ ಬರಲಿ ಬಿಸಿಲು ಬರಲಿ, ಅದು ಅಲ್ಲೇ. ಅದು ಹುಲಿಯಪ್ಪನ ಲೋಟ.

"ಏ ಹುಲಿ, ಆ ಗುಮಾಸ್ತ ಬಕ್ಕೇಶನ ದನಿ ತೆಗಿ ನೋಡಣ" ಅನ್ನೋರು ಸಾವ್ಕಾರ್ರು, ಕಟ್ಟೆ ಮೇಲಿಂದ.

ತೆಗೆಯೋನು. ಅವರು ಹೊಟ್ಟೆ ಹಿಡಿದು ನಗೋರು. ಆಮೇಲೆ ಮನೆಯೋರು ಮೇಲಿಂದ, ಮುಟ್ಟದ ಹಾಗೆ, ಲೋಟಕ್ಕೆ ಚಾ ಸುರಿಯೋರು. ಕುಡಿದು, ತೊಳೆದು, ಮತ್ತೆ ಬೋರಲು ಹಾಕಿ ಬರಬೇಕು. ದನಿ ಒಳಗೆ ಹೋಗಬಹುದು. ಮೈ ಹೋಗಂಗಿಲ್ಲ.

ದಾವಣಗೆರೆ ಜಿಲ್ಲೆ ಆಗಿ ಒಂದು ವರ್ಷ ಕಳೆದಿತ್ತು. ಹೊಸ ಜಿಲ್ಲೆಗೆ ಹೊಸ ಹೊಸ ಬೋರ್ಡು. ಅದರಲ್ಲಿ ಒಂದು, ಅವಳಿ ನಗರ ನೈರ್ಮಲ್ಯ ಮಂಡಳಿ. ಹರಿಹರ, ದಾವಣಗೆರೆ ಎರಡರ ಕಸಕ್ಕೂ ಅದೇ ಯಜಮಾನ. ಅಧ್ಯಕ್ಷರು ಕೆಂಚವೀರಪ್ಪನವರು. ಗುಮಾಸ್ತ ಬಕ್ಕೇಶ. ಕೇರಿಯ ತಿಮ್ಮವ್ವಜ್ಜಿ ಅದನ್ನು ಮಂಡಳಿ ಅನ್ನುತ್ತಿರಲಿಲ್ಲ, ಮಂಡಕ್ಕಿ ಅನ್ನುತ್ತಿದ್ದಳು. "ಚೀಲ ನೋಡಿದ್ರೆ ಆಳೆತ್ತರ, ಎತ್ತಿದ್ರೆ ಬರೀ ಗಾಳಿ."

ಗಾಳಿ ಆದರೂ ಕೇರಿಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಕೇರಿ ಇರುವುದು ಹರಿಹರದ ಅಂಚಿಗೆ, ದಾವಣಗೆರೆ ರಸ್ತೆಗೆ ಹತ್ತಿರ. ನಲವತ್ತು ಮನೆ. ದಿನಾ ಬೆಳಿಗ್ಗೆ ಮಂಡಳಿಯ ಟ್ರ್ಯಾಕ್ಟರು ಬಂದು ನಿಲ್ಲುತ್ತಿತ್ತು. ಪೊರಕೆ, ಸಲಿಕೆ, ತಗಡಿನ ಬುಟ್ಟಿ ಹಿಡಿದು ಹೆಂಗಸರು ಗಂಡಸರು ಟ್ರೈಲರ್ ಹತ್ತೋರು. ಅರ್ಧ ಜನ ಹರಿಹರದಲ್ಲಿ ಇಳಿದರೆ ಅರ್ಧ ಜನ ದಾವಣಗೆರೆಗೆ. ಹುಲಿಯಪ್ಪನ ಹೆಂಡತಿ ಭೀಮವ್ವನದು ದಾವಣಗೆರೆ. ಚರಂಡಿಯಿಂದ ಕೊಳೆ ಎತ್ತಿ ಬುಟ್ಟಿಗೆ ತುಂಬಬೇಕು, ಬುಟ್ಟಿ ತಲೆ ಮೇಲೆ ಇಡಬೇಕು. ಬುಟ್ಟಿಯ ತಳ ತೂತು. ಕರೀ ನೀರು ಹಣೆ ಮೇಲೆ ಇಳಿದು, ಕುಂಕುಮ ತೊಳೆದು, ಬಾಯಂಚಿಗೆ ಬರೋದು. ಎರಡು ಕೈಯೂ ಬುಟ್ಟಿ ಹಿಡಿದಿರುತ್ತವೆ. ಒರೆಸಿಕೊಳ್ಳೋಕೆ ಮೂರನೇ ಕೈ ಎಲ್ಲಿಂದ ತರೋಣ? ತುಟಿ ಬಿಗಿ ಹಿಡಿದು ನಡೆಯೋಳು. ಇಪ್ಪತ್ತು ವರ್ಷ ತುಟಿ ಬಿಗಿ ಹಿಡಿದವಳಿಗೆ ಮಾತು ಕಮ್ಮಿ. ಮಾತೆಲ್ಲ ಗಂಡನ ಪಾಲಿಗೆ ಹೋಗಿತ್ತು.

ಸಂಜೆ ಬಂದವಳು ನೇರ ಬಾವಿಗೆ ಹೋಗೋಳು. ಎಂಟು ಕೊಡ ಸೇದಿ ಸುರುವಿಕೊಂಡ ಮೇಲೇ ಮನೆ, ಮಕ್ಕಳು, ಒಲೆ.

ಆ ಬಾವಿ ಕೇರಿಯದು. ಸರ್ಕಾರ ತೋಡಿಸಿದ್ದಲ್ಲ, ಸಾವ್ಕಾರ್ರು ಕೊಟ್ಟದ್ದೂ ಅಲ್ಲ. ಹುಲಿಯಪ್ಪ ಚಿಕ್ಕವನಿದ್ದಾಗ ಕೇರಿಯ ಹೆಂಗಸರು ಮೇಲಿನ ಓಣಿಯ ಬಾವಿ ಹತ್ತಿರ ಕೊಡ ಇಟ್ಟುಕೊಂಡು ಕೂರೋರು. ಯಾರಾದರೂ ಸೇದಿ ಹಾಕಬೇಕು. ಹಾಕೋ ಮನಸ್ಸು ಬಂದರೆ ಹಾಕೋರು. ಒಂದು ಬೇಸಿಗೆ, ಒಂದು ವಾರ ಯಾರಿಗೂ ಮನಸ್ಸು ಬರಲಿಲ್ಲ. ಹುಲಿಯಪ್ಪನ ಅಪ್ಪ ಕೆಂಚಣ್ಣ ಗುದ್ದಲಿ ತಗೊಂಡು ಕೇರಿಯ ಹಿಂದಿನ ಬಯಲಿಗೆ ಹೋದ. ಬೆಳಿಗ್ಗೆ ಊರಿನ ಕೆಲಸ, ಸಂಜೆ ಬಾವಿ ಕೆಲಸ. ಇಪ್ಪತ್ತು ಅಡಿಗೆ ಬಂಡೆ ಸಿಕ್ಕಿತು. ಮದ್ದು ಇಲ್ಲ, ಯಂತ್ರ ಇಲ್ಲ. ಉಳಿ, ಸುತ್ತಿಗೆ. ಬಸುರಿ ಹೆಂಗಸರೂ ಜಲ್ಲಿ ಹೊತ್ತರು. ಕೆಂಚಣ್ಣನ ಎರಡು ಬೆರಳು ಬಂಡೆಯಡಿ ಜಜ್ಜಿ ಹೋದವು. ಮೂವತ್ತೆಂಟು ಅಡಿಗೆ ನೀರು ಬಂತು. ಸಿಹಿನೀರು. ಕೆಂಚಣ್ಣ ಉಳಿದ ಬೆರಳಲ್ಲೇ ಬೊಗಸೆ ಮಾಡಿ ಕುಡಿದ. ಅರ್ಧ ಸೋರಿ ಹೋಯಿತು.

ಕೇರಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಊರೆಲ್ಲ ಹಲಗೆ ಬಡಿಯುವ ಹುಲಿಯಪ್ಪ ತನ್ನ ಕೇರಿಯಲ್ಲಿ ಬಡಿಯಂಗಿಲ್ಲ. ಕೇರಿಯೊಳಗೆ ಹಲಗೆ ದನಿ ಎದ್ದರೆ ಸಾವು ಅಂತ ಅರ್ಥ. ಮದುವೆಗೆ ಬೇರೆ ಊರಿನ ಓಲಗದೋರನ್ನು ಕರೆಸೋರು. ಹಬ್ಬಕ್ಕೆ ಹಲಗೆಯನ್ನು ಕೇರಿ ಆಚೆ ತಗೊಂಡು ಹೋಗಿ ಬಡಿಯೋರು. ಒಳಗೆ ಬಡಿದರೆ ಹೆಣ ಬಿದ್ದಿರಬೇಕು. ಆ ದನಿ ಕೇಳಿದ ತಕ್ಷಣ ಕೈಲಿದ್ದದ್ದು ಅಲ್ಲೇ ಬಿಡಬೇಕು, ಪೊರಕೆ ಆದರೆ ಪೊರಕೆ, ತುತ್ತು ಆದರೆ ತುತ್ತು. ಹೆಣ ಮಣ್ಣಾಗೋ ತನಕ ಕೇರಿಯ ಒಂದು ಪಿಳ್ಳೆಯೂ ಊರಿನ ಕೆಲಸಕ್ಕೆ ಇಳಿಯಂಗಿಲ್ಲ. ಊರಿಗೂ ಇದು ಗೊತ್ತು. ಒಂದೊಪ್ಪತ್ತಿನ ಮಾತು ಅಂತ ಸುಮ್ಮನಿರುತ್ತಿತ್ತು.

ಹಾಗಾಗಿ ಮಂಡಳಿ ಸುದ್ದಿಯನ್ನು ಹುಲಿಯಪ್ಪ ಕೇರಿಗೆ ಬಾಯಿಮಾತಲ್ಲೇ ಹೇಳೋನು. ಬಾವಿಕಟ್ಟೆ ಮೇಲೆ ಕೂತು, ಬೀಡಿ ಹಚ್ಚಿ, "ನಾಳೆ ಇಂಥದ್ದು ಐತಂತೆ ಕಣ್ರಪ್ಪ." ಮುಗೀತು.

ಊರೊಳಗಿನ ಡಂಗುರಕ್ಕೆ ಮಾತ್ರ ಲೆಕ್ಕಪತ್ರ ಬಿಗಿ. ಪ್ರತಿ ಸಲ ಸಾರಿದ ಮೇಲೆ ಬಕ್ಕೇಶನ ಮುಂದೆ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು. ಇಂಥ ದಿನ, ಇಂಥ ಜಾಗದಲ್ಲಿ, ಇಂಥ ವಿಷಯ ಡಂಗುರ ಸಾರಿರುತ್ತೇನೆ. ಮೊದಮೊದಲು ಸಾರಿದ ದಿನಕ್ಕೊಂದು ಒತ್ತುತ್ತಿದ್ದ. ಬಕ್ಕೇಶನಿಗೆ ಬೇಜಾರು.

"ಒಂದು ಹೆಬ್ಬೆಟ್ಟಿಗೆ ಇಂಕ್ ಪ್ಯಾಡ್ ತೆಗಿ, ಮುಚ್ಚು. ಯಾರಿಗೆ ಬೇಕೋ ಈ ಕರ್ಮ. ಹುಲಿಯಪ್ಪ, ಹತ್ತು ಕಾಗ್ದ ಇಟ್ಟೀನಿ, ಹತ್ತಕ್ಕೂ ಒತ್ತಿಬಿಡು. ಆಮ್ಯಾಗೆ ನಾನು ಬರಕೊಂತೀನಿ."

"ಖಾಲಿ ಐತಲ್ರಿ ಗುಮಾಸ್ತ್ರೆ."

"ಬರದಿದ್ರೆ ನಿನಗೆ ಓದಾಕ್ ಬರ್ತಿತ್ತೇನು?"

ಸುತ್ತ ಇದ್ದವರು ನಕ್ಕರು. ಹುಲಿಯಪ್ಪನೂ ನಕ್ಕ. ಹತ್ತಕ್ಕೂ ಒತ್ತಿದ. ಆವತ್ತಿಂದ ತಿಂಗಳಿಗೊಂದು ಸಲ ಹತ್ತು ಖಾಲಿ ಕಾಗದ. ಒತ್ತುವಾಗ ಹಲಗೆಯನ್ನು ಆಫೀಸಿನ ಮೆಟ್ಟಿಲ ಮೇಲೆ ಇಟ್ಟಿರುತ್ತಿದ್ದ. ಬಕ್ಕೇಶ ಹೊರಗೆ ಹೋಗಬೇಕಾದರೆ ಕೈಯಿಂದ ಸರಿಸುತ್ತಿರಲಿಲ್ಲ. ತೊಗಲು ಮುಟ್ಟಂಗಿಲ್ಲವಲ್ಲ. ರೂಲು ದೊಣ್ಣೆಯಿಂದ ದೂಡುತ್ತಿದ್ದ, ಸತ್ತ ಇಲಿಯನ್ನು ದೂಡಿದ ಹಾಗೆ.

ಅಕ್ಟೋಬರಿನಲ್ಲಿ ಒಂದು ಸಂಜೆ ಭೀಮವ್ವ ಬಾವಿಯಿಂದ ಖಾಲಿ ಕೊಡ ಹಿಡಿದು ಬಂದಳು.

"ಬಾವಿ ಪಕ್ಕ ಬುಲ್ಡೋಜರ್ ನಿಂತೈತೆ" ಅಂದಳು. "ಬಯಲು ಸಮ ಮಾಡ್ಯಾರ. ಬಾವಿಗೂ ಅದಕ್ಕೂ ಹತ್ತು ಮಾರು ಇಲ್ಲ. ಒಂದು ಬೋರ್ಡ್ ನೆಟ್ಟಾರ."

ಬೋರ್ಡಿನಲ್ಲಿ ಏನಿದೆ ಅಂತ ಕೇರಿಯಲ್ಲಿ ಓದಿಕೊಂಡವರು ಓದಿದರು. ಘನತ್ಯಾಜ್ಯ ವಿಲೇವಾರಿ ಸ್ಥಳ, ಅವಳಿ ನಗರ ನೈರ್ಮಲ್ಯ ಮಂಡಳಿ. ಎರಡೂ ಊರಿನ ಕಸ ಇನ್ನು ಇಲ್ಲಿ ಬೀಳುತ್ತದೆ. ದಿನಕ್ಕೆ ಮೂವತ್ತು ಲಾರಿ.

ತಿಮ್ಮವ್ವಜ್ಜಿ ಬೋರ್ಡಿನ ಬುಡಕ್ಕೆ ಎಲೆಅಡಿಕೆ ಉಗುಳಿದಳು. "ದಾವಣಗೆರೆ ಬೆಣ್ಣೆದೋಸೆ ಅವರ ಬಾಯಿಗೆ. ಉಂಡ ಎಲೆ ನಮ್ಮ ಬಾವಿಗೆ. ಭಾಳ ಚಲೋ ಪಾಲು."

ಮರುದಿನ ಹುಲಿಯಪ್ಪ ಬಕ್ಕೇಶನ ಮೇಜಿನ ಮುಂದೆ ನಿಂತ.

"ಗುಮಾಸ್ತ್ರೆ, ಇದೇನ್ರಿ? ನಮಗೊಂದು ಮಾತು ಹೇಳಬ್ಯಾಡ್ವೇನ್ರಿ? ಕೇರಿಯೋರು ಬಾವಿ ನೀರು ಕುಡಿಯೋದು."

ಬಕ್ಕೇಶ ಫೈಲಿನಿಂದ ಒಂದು ಹಾಳೆಯ ಜೆರಾಕ್ಸ್ ತೆಗೆದು ಮೇಜಿನ ಮೇಲೆ ಎಸೆದ. "ಹೇಳಿಲ್ಲ ಅಂತೀಯಾ? ಹೇಳಿದೋನು ನೀನೇ ಅಲ್ಲೇನು? ನೋಡು ನಿನ್ನ ಹೆಬ್ಬೆಟ್ಟು. ತಗಂಡ್ ಹೋಗು, ಫ್ರೇಮ್ ಹಾಕ್ಸು."

ತಾಲ್ಲೂಕು ಆಫೀಸಿನ ಎದುರು ಬೇವಿನ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆಯುವ ಅಖ್ತರ್ ಬಾನು ಆ ಹಾಳೆ ಓದಿದಳು. ಓದುತ್ತಾ ಓದುತ್ತಾ ಕನ್ನಡಕ ತೆಗೆದಳು.

"ಹುಲಿಯಣ್ಣ, ಇದರಾಗೆ ಏನ್ ಬರ್ದಾರೆ ಗೊತ್ತೈತಾ? ಸೆಪ್ಟೆಂಬರ್ ಎಂಟನೇ ತಾರೀಕು ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಇದೇ ನಿಮ್ಮ ಕೇರಿ ನಡುವೆ ನಿಂತು, ನೀನು ಹಲಗೆ ಬಡಿದು ಸಾರಿದಿಯಂತೆ. ಕಸದ ಜಾಗ ಮಾಡ್ತೀವಿ, ತಕರಾರು ಇದ್ದೋರು ಮೂವತ್ತು ದಿನದಾಗೆ ಬರೆದು ಕೊಡ್ರಿ ಅಂತ. ಒಬ್ಬರೂ ಕೊಡ್ಲಿಲ್ಲ ಅಂತೆ. ಅಂದ್ರೆ ಕೇರಿಗೆ ಖುಷಿ ಅಂತ ಲೆಕ್ಕ."

"ಕೇರಿಯಾಗಾ? ಹಲಗೆನಾ?"

"ಹೂಂ. ಕೆಳಗೆ ನಿನ್ನ ಹೆಬ್ಬೆಟ್ಟು."

ಹುಲಿಯಪ್ಪ ತನ್ನ ಬಲಗೈ ಹೆಬ್ಬೆರಳು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಅಪ್ಪನ ಎರಡು ಬೆರಳು ಬಾವಿ ತೋಡಿ ಹೋದವು. ಮಗನ ಒಂದು ಬೆರಳು ಆ ಬಾವಿ ಮುಚ್ಚಿಸಿತು.

"ಬಾನಕ್ಕ, ಘನತ್ಯಾಜ್ಯ ಅಂದ್ರೆ ಏನವ್ವ?"

"ಘನ ಅಂದ್ರೆ ದೊಡ್ಡೋರಲ್ವಾ. ದೊಡ್ಡೋರ ತ್ಯಾಜ್ಯ." ಅವಳು ನಗಲಿಲ್ಲ. "ಇಪ್ಪತ್ತನೇ ತಾರೀಕು ದಾವಣಗೆರೆಯಾಗೆ ಕಡೇ ಸಭೆ ಐತೆ. ಸರ್ಕಾರದಿಂದ ಸಾಹೇಬ್ರು ಬರ್ತಾರೆ. ನೀನು ಹೋಗಿ ನಿಜ ಹೇಳು. ಅರ್ಜಿ ನಾನು ಹೊಡ್ಕೊಡ್ತೀನಿ."

ಆ ರಾತ್ರಿ ಕೇರಿಯಲ್ಲಿ ಯಾರೂ ಅವನ ಹತ್ತಿರ ಮಾತಾಡಲಿಲ್ಲ. ಭೀಮವ್ವ ಮುದ್ದೆಯ ತಟ್ಟೆ ಮುಂದಿಟ್ಟು ಒಂದೇ ಮಾತು ಕೇಳಿದಳು: "ಖಾಲಿ ಕಾಗ್ದಕ್ಕೆ ಒತ್ತುವಾಗ ಕೈ ನಡುಗ್ಲಿಲ್ವಾ?"

ಅವನು ಹೆಬ್ಬೆರಳು ಮಡಚಿಕೊಂಡು ಉಳಿದ ನಾಲ್ಕೇ ಬೆರಳಲ್ಲಿ ಮುದ್ದೆ ಮುರಿದ.

ಸಭೆಯ ಹಾಲ್ ದೊಡ್ಡದು. ಫ್ಯಾನು ತಿರುಗುತ್ತಿದ್ದವು. ಕುರ್ಚಿ ಎಲ್ಲ ಭರ್ತಿ. ಕೇರಿಯ ಮೂವತ್ತು ಜನ ಬಾಗಿಲ ಹತ್ತಿರ ಗೋಡೆಗೆ ಒತ್ತಿ ನಿಂತರು. ಆ ಹಾಲನ್ನು ಅವತ್ತು ಬೆಳಿಗ್ಗೆ ಗುಡಿಸಿದವರು ಅವರಲ್ಲೇ ನಾಲ್ಕು ಜನ.

ಕಸ ಎಲ್ಲಿ ಹಾಕೋದು ಅಂತ ಮಂಡಳಿ ಮೊದಲು ಮೂರು ಕಡೆ ಹೋಗಿ ಬಂದಿತ್ತು. ಎಂ.ಸಿ.ಸಿ. ಬಡಾವಣೆ ಆಚೆಗೆ ಅಂತ ಅಂದಾಗ ಅಲ್ಲಿನೋರು ಇನ್ನೂರು ಸಹಿಯ ಅರ್ಜಿ ಟೈಪು ಮಾಡಿಸಿ ಕೊಟ್ಟಿದ್ದರು. ಲೋಕಿಕೆರೆ ರಸ್ತೆ ಅಂದಾಗ ರೈತರು ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ್ದರು. ಭಾನುವಳ್ಳಿ ಕಡೆ ಅಂದಾಗ ಎರಡು ಬಸ್ಸು ತುಂಬ ಜನ ಬಂದು ಮಂಡಳಿ ಮುಂದೆ ಕೂತಿದ್ದರು. ಎಲ್ಲರ ಮಾತನ್ನೂ ಮಂಡಳಿ ಕೇಳಿತ್ತು. ಕೇಳಿ ಕೇಳಿ ಕಡೆಗೆ ಕೇಳದಿದ್ದೋರ ಹತ್ತಿರ ಬಂದಿತ್ತು.

ಮುಂದಿನ ಸಾಲಿನಲ್ಲಿ ರಿಟೈರ್ಡ್ ಮೇಷ್ಟ್ರು ಶಿವಮೂರ್ತಪ್ಪ ಎದ್ದು ಮೈಕು ಹಿಡಿದರು. "ನಾಗರಿಕರ ಅಭಿಪ್ರಾಯಕ್ಕೆ ಬೆಲೆ ಕೊಟ್ಟಿದ್ದಕ್ಕೆ ಅಧ್ಯಕ್ಷರಿಗೆ ವಂದನೆ. ಇದು ಪ್ರಜಾಪ್ರಭುತ್ವ." ಚಪ್ಪಾಳೆ.

ಸಾಹೇಬರು ಫೈಲು ತಿರುವಿದರು. "ಈ ಜಾಗಕ್ಕೆ ಯಾವುದೇ ಆಕ್ಷೇಪಣೆ ಬಂದಿಲ್ಲ."

"ಬಂದೈತೆ ಸಾಹೇಬ್ರೆ" ಅಂದ ಹುಲಿಯಪ್ಪ, ಬಾಗಿಲಿಂದ. ಅಖ್ತರ್ ಬಾನು ಹೊಡೆದ ಅರ್ಜಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. "ನನಗೆ ಮೈಕು ಕೊಡ್ರಿ."

ಕೆಂಚವೀರಪ್ಪನವರು ವೇದಿಕೆ ಮೇಲಿಂದ ನಕ್ಕರು. "ಏ ಹುಲಿ, ನಿನಗ್ಯಾಕಲೇ ಮೈಕು? ನಿನ್ನ ಬಾಯೇ ಮೈಕು! ಸಾರ್, ಇವನು ನಮ್ಮ ಮಂಡಳಿ ಆಕಾಶವಾಣಿ."

ಹಾಲ್ ನಕ್ಕಿತು. ಮೈಕು ಬರಲಿಲ್ಲ. ಅರ್ಜಿ ಕೈಯಿಂದ ಕೈಗೆ ಮುಂದೆ ಹೋಗಿ ಮೂರನೇ ಸಾಲಲ್ಲಿ ಯಾರದೋ ತೊಡೆ ಮೇಲೆ ಉಳಿಯಿತು.

"ಇದು ನಿನ್ನ ಹೆಬ್ಬೆಟ್ಟೇನಪ್ಪ?" ಸಾಹೇಬರು ಹಾಳೆ ಎತ್ತಿ ತೋರಿಸಿದರು.

"ಹೆಬ್ಬೆಟ್ಟು ನಂದೇ. ಮಾತು ನಂದಲ್ಲ ಸಾಹೇಬ್ರೆ. ಖಾಲಿ ಕಾಗ್ದಕ್ಕೆ ಒತ್ತಿಸಿಕೊಂಡಾರೆ. ನಾನು ಕೇರಿಯಾಗೆ ಹಲಗೆ ಬಡಿದಿಲ್ಲ. ನಮ್ಮ ಕೇರಿಯಾಗೆ ಹಲಗೆ ಬಡಿಯೋದು ಯಾರಾದ್ರೂ ಸತ್ರೆ. ಆ ಮಂಗಳವಾರ ಯಾರು ಸತ್ತಿದ್ರು? ಕೇಳ್ರಿ ಇವ್ರನ್ನ. ನಲವತ್ತು ಮನೆ ಐತೆ, ಒಬ್ಬರೂ ಸತ್ತಿಲ್ಲ."

"ಖಾಲಿ ಕಾಗದಕ್ಕೆ ಅಂದ್ಯಲ್ಲ, ಅದಕ್ಕೆ ಸಾಕ್ಷಿ?"

ಸಾಕ್ಷಿ. ಹುಲಿಯಪ್ಪನ ಹತ್ತಿರ ಇದ್ದ ಸಾಕ್ಷಿ ಒಂದೇ. ಅವನ ಗಂಟಲು. ಆ ದಿನ ಆಡಿದ ಮಾತು ಅದರಲ್ಲಿ ಹಾಗೇ ಇತ್ತು. ಬಾಯಿ ತೆರೆದ. ಬಂದದ್ದು ಬಕ್ಕೇಶನ ಮೂಗಿನ ದನಿ.

"'ಒಂದು ಹೆಬ್ಬೆಟ್ಟಿಗೆ ಇಂಕ್ ಪ್ಯಾಡ್ ತೆಗಿ, ಮುಚ್ಚು. ಯಾರಿಗೆ ಬೇಕೋ ಈ ಕರ್ಮ. ಹುಲಿಯಪ್ಪ, ಹತ್ತಕ್ಕೂ ಒತ್ತಿಬಿಡು. ಬರದಿದ್ರೆ ನಿನಗೆ ಓದಾಕ್ ಬರ್ತಿತ್ತೇನು?'"

ಕಣ್ಣು ಮುಚ್ಚಿದರೆ ಬಕ್ಕೇಶನೇ. ಬಕ್ಕೇಶನ ಮುಖ ಬಿಳಚಿತು. ಒಂದು ಗಳಿಗೆ ಹುಲಿಯಪ್ಪನಿಗೆ ಗೆದ್ದೆ ಅನ್ನಿಸಿತು.

ಆಮೇಲೆ ಯಾರೋ ಕಿಸಕ್ಕೆಂದರು. ಇನ್ನೊಬ್ಬರು. ಆಮೇಲೆ ಇಡೀ ಹಾಲ್. ಕುರ್ಚಿ ಕುರ್ಚಿಗೆ ತಾಗುವ ಹಾಗೆ ನಕ್ಕರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಥೇಟ್ ಬಕ್ಕೇಶ ಕಣ್ರಿ!" ಸಾಹೇಬರ ತುಟಿಯೂ ಸಡಿಲವಾಯಿತು.

"ಹೊಡೀರಿ ಚಪ್ಪಾಳೆ!" ಅಂದರು ಕೆಂಚವೀರಪ್ಪನವರು. "ಹುಲಿ, ನನ್ನ ದನಿನೂ ತೆಗಿಯಲೇ, ಸಾಹೇಬ್ರು ಕೇಳ್ಲಿ."

ಚಪ್ಪಾಳೆ ಬಿತ್ತು. ಅವನ ಜೀವಮಾನದಲ್ಲಿ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಅವನು ಬಾವಿ ಕೊಡ್ರಿ ಅಂತ ಕೇಳಿದ್ದ. ಅವರು ಚಪ್ಪಾಳೆ ಕೊಟ್ಟರು. ಲೋಟ ಬೋರಲು ಹಾಕಿ ಹೋಗು ಅನ್ನೋದು ಮಾತ್ರ ಬಾಕಿ. ಪ್ರತಿ ಚಪ್ಪಾಳೆಯೂ ಕಪಾಳಕ್ಕೆ ಬಿದ್ದಂಗೆ ಬಿತ್ತು. ಇಪ್ಪತ್ತಾರು ವರ್ಷ ಇವರನ್ನು ನಗಿಸಿ ನಗಿಸಿ, ತನ್ನ ನಿಜವನ್ನೂ ಇವರು ನಗುವಂತೆ ಮಾಡಿಟ್ಟವನು ತಾನೇ ಅಂತ ಅವನಿಗೆ ಹೊಳೆಯಿತು.

ಸಾಹೇಬರು ಫೈಲಿಗೆ ಸಹಿ ಹಾಕಿದರು. ಸೋಮವಾರದಿಂದ ಲಾರಿ. ಎಲ್ಲರಿಗೂ ಮಿರ್ಚಿ ಮಂಡಕ್ಕಿ. ಕೇರಿಯವರಿಗೆ ಕಾಗದದ ಮೇಲೆ ಹಾಕಿ ಹೊರಗೆ ಕೊಟ್ಟರು. ಭೀಮವ್ವ ತನ್ನ ಪಾಲು ಮೆಟ್ಟಿಲ ಮೇಲೆ ಸುರಿದಳು. "ಗುಡಿಸ್ಕಳ್ರಿ" ಅಂದಳು. ಇಪ್ಪತ್ತು ವರ್ಷದಲ್ಲಿ ಅವಳು ದಾವಣಗೆರೆಗೆ ಹೇಳಿದ ಮೊದಲ ಮಾತು ಅದು.

ಮನೆಗೆ ಬಂದ ಹುಲಿಯಪ್ಪ ಜೆರಾಕ್ಸ್ ಹಾಳೆ ತೆಗೆದು ಭೀಮವ್ವನ ಕೈಗೆ ಕೊಟ್ಟ.

"ಸೋಮವಾರ ನಾನು ಸಾಯ್ತೀನಿ" ಅಂದ.

ಭೀಮವ್ವ ಅವನ ಮುಖ ನೋಡಿದಳು. ಬಾವಿಗೆ ಬೀಳೋ ಮುಖ ಅಲ್ಲ ಅದು. "ಹೆಂಗೆ?" ಅಂದಳು. ಅವನು ಹೇಳಿದ. ತಿಮ್ಮವ್ವಜ್ಜಿಯನ್ನು ಕರೆದು ಅವಳಿಗೂ ಹೇಳಿದರು. ಅಜ್ಜಿ ಬಹಳ ಹೊತ್ತು ಎಲೆ ಜಗಿದಳು.

"ಬದುಕಿದ್ದೋನಿಗೆ ಸಾವಿನ ಹಲಗೆ ಬಡಿಯೋದು ಅಪಶಕುನ ಕಣಪ್ಪ" ಅಂದಳು. ಆಮೇಲೆ, "ಅವರು ನಮ್ಮ ಕೇರಿಯಾಗೆ ಕಾಗ್ದದ ಮ್ಯಾಗೆ ಬಡಿದು ಆಗಲೇ ಅಪಶಕುನ ಮಾಡ್ಯಾರ. ಬಡಿ."

ಸೋಮವಾರ ಬೆಳಿಗ್ಗೆ ಟ್ರ್ಯಾಕ್ಟರು ಬಂತು. ಜನ ಪೊರಕೆ ಹಿಡಿದು ಟ್ರೈಲರ್ ಹತ್ತಿದ್ದರು. ಹುಲಿಯಪ್ಪ ಕೇರಿಯ ನಡುವೆ ಕುಕ್ಕರುಗಾಲಲ್ಲಿ ಕೂತು ಹಲಗೆ ಕಾಯಿಸಲು ಬೆಂಕಿ ಮಾಡಿದ. ಮೊದಲು ಸುಟ್ಟದ್ದು ಆ ಜೆರಾಕ್ಸ್ ಹಾಳೆ. ಹೆಬ್ಬೆಟ್ಟು ಇದ್ದ ಮೂಲೆ ಕಡೆಗೆ ಉರಿಯಿತು. ತೊಗಲು ಬಿಗಿಯಾಯಿತು. ಎದ್ದು ನಿಂತು ಬಡಿದ.

ಅದು ಕಂದಾಯದ ಬಡಿತ ಅಲ್ಲ, ನಲ್ಲಿಯ ಬಡಿತ ಅಲ್ಲ. ಎರಡು ದಪ್ಪ, ಒಂದು ಸಣ್ಣ, ನಡುವೆ ಉಸಿರು ನಿಲ್ಲುವಷ್ಟು ಖಾಲಿ. ಸಾವಿನ ಬಡಿತ.

ಟ್ರೈಲರಿನ ಮೇಲಿದ್ದವರ ಕೈಯಿಂದ ಪೊರಕೆ ಬಿದ್ದವು. ಒಬ್ಬೊಬ್ಬರೇ ಇಳಿದರು. ಒಲೆ ಮುಂದಿದ್ದವರು ನೀರು ಹೊಯ್ದು ಹೊರಗೆ ಬಂದರು. "ಯಾರು? ಯಾರು ಹೋದ್ರು?"

"ಮಂಡಳಿ ಹುಲಿಯಪ್ಪ ಹೋದ" ಅಂದ ಹುಲಿಯಪ್ಪ. "ಹೆಬ್ಬೆಟ್ಟಿನ ಹುಲಿಯಪ್ಪ ಸತ್ತ. ಊರಿನ ಬಾಯಿ ಸತ್ತೋಯ್ತು. ಮಣ್ಣು ಯಾವಾಗ ಅಂತ ಬಾವಿ ಉಳಿದ ಮ್ಯಾಗೆ ಹೇಳ್ತೀವಿ."

ಹಲಗೆಯನ್ನು ಭೀಮವ್ವನ ಹೆಗಲಿಗೆ ಹಾಕಿದ. ಕೇರಿಯ ಹೆಂಗಸು ಹಲಗೆ ಹಿಡಿದದ್ದು ಅವತ್ತೇ ಮೊದಲು. ಇಪ್ಪತ್ತು ವರ್ಷ ಬುಟ್ಟಿ ಹೊತ್ತ ರಟ್ಟೆ ಅದು. ಅವಳು ಬಡಿದಾಗ ಬಾವಿ ಕಟ್ಟೆಯ ಕಲ್ಲು ಗಡಗಡ ಅಂದಿತು.

ಅವನನ್ನು ಬಾವಿಗೂ ಲಾರಿ ದಾರಿಗೂ ನಡುವೆ ಕೂರಿಸಿದರು. ಬೆನ್ನಿಗೆ ಕಂಬ ನೆಟ್ಟರು. ಹಣೆಗೆ ವಿಭೂತಿ ಬಳಿದರು. ಕೊರಳಿಗೆ ಚೆಂಡುಹೂವು. ಹೆಣಕ್ಕೆ ಮಾಡುವ ಹಾಗೆ ಗಲ್ಲದಡಿಯಿಂದ ನೆತ್ತಿಗೆ ಬಿಳೀ ಬಟ್ಟೆ ಬಿಗಿದು ಬಾಯಿ ಕಟ್ಟಿದರು. ಎಲ್ಲರ ದನಿ ತೆಗೆದವನು ಈಗ ಹೆಣವನ್ನು ತೆಗೆದ. ರೆಪ್ಪೆ ಅಲುಗಲಿಲ್ಲ. ಮೂಗಿನ ಮೇಲೆ ನೊಣ ಕೂತಿತು, ನಡೆದಾಡಿತು, ಬೇಜಾರಾಗಿ ಹಾರಿ ಹೋಯಿತು. ಹೆಂಗಸರು ಸುತ್ತ ಕೂತು ಹಾಡಿ ಹಾಡಿ ಅತ್ತರು. ಮೊದಲು ಸುಳ್ಳು ಅಳು. ಆಮೇಲೆ ಬಾವಿ ನೋಡಿ ನಿಜವಾದದ್ದು ಬಂತು.

ಹತ್ತು ಗಂಟೆಗೆ ಮೊದಲ ಲಾರಿ ಬಂತು. ಡ್ರೈವರ್ ಮಲ್ಲೇಶಪ್ಪ ಬ್ರೇಕ್ ಒತ್ತಿದ. ಇಳಿದು ಚಪ್ಪಲಿ ಬಿಟ್ಟು ಕೈ ಮುಗಿದ. ಹೆಣ ಉಸಿರಾಡುತ್ತಿರುವುದು ಅವನಿಗೂ ಕಂಡಿತು. ಆದರೂ ಅಂದ: "ಹೆಣ ದಾಟಿ ಗಾಡಿ ಹೊಡೆಯೋ ಜಾತಿ ಅಲ್ಲಪ್ಪ ನಾನು." ಲಾರಿ ಹಿಂದಕ್ಕೆ ತಿರುಗಿತು.

ಮರುದಿನ ಕೆಂಚವೀರಪ್ಪನವರು ಕಾರಲ್ಲಿ ಬಂದರು. ಅವರ ಬಿಳೀ ಪಂಚೆ ಕೇರಿಯ ಮಣ್ಣು ಕಂಡದ್ದು ಅದೇ ಮೊದಲು.

"ಏಳಲೇ ಹುಲಿ. ನಾಟಕ ಸಾಕು."

ಹೆಣ ಮಾತಾಡಲಿಲ್ಲ.

"ಕಾಂಟ್ರ್ಯಾಕ್ಟ್ ಕಿತ್ತು ಹಾಕ್ತೀನಿ. ನಲವತ್ತು ಮನೆಗೂ ಕೂಳಿಲ್ದಂಗೆ ಮಾಡ್ತೀನಿ. ಬೇರೆ ಊರಿಂದ ಜನ ತರಿಸ್ತೀನಿ."

"ತರಿಸ್ರಿ ಸಾವ್ಕಾರ್ರೆ" ಅಂದಳು ತಿಮ್ಮವ್ವಜ್ಜಿ, ಕೂತಲ್ಲಿಂದಲೇ. "ಅವರ ಕೇರಿಯಾಗೂ ಹಲಗೆ ಐತೆ."

"ಏ ಮುದುಕಿ, ಸತ್ತ ಅಂತ ಸುಳ್ಳು ಹೇಳ್ತೀರಾ? ಪೊಲೀಸರಿಗೆ ಕೊಡ್ತೀನಿ!"

"ಬಡಿದಾನೆ ಅಂತ ನೀವು ಬರ್ಕೊಂಡ್ರಿ. ಬಡಿದಾಗ ಒಬ್ಬರು ಸತ್ತಿರಬೇಕಲ್ರಿ ಸಾವ್ಕಾರ್ರೆ? ನಿಮ್ಮ ಕಾಗ್ದ ಸುಳ್ಳಾಗಬಾರ್ದು ಅಂತ ನಾವೇ ಒಬ್ಬರನ್ನ ಸಾಯಿಸ್ಕೊಂಡೀವಿ. ಹೆಣದ ಮುಂದೆ ಚಪ್ಪಲಿ ಬಿಡ್ರಿ."

ಸಾವ್ಕಾರ್ರು ಚಪ್ಪಲಿ ಬಿಡಲಿಲ್ಲ. ಹೆಣದ ಮುಂದೆ ನಿಂತು ಬೈದರು, ರೇಗಿಸಿದರು. ಕಡೆಗೆ ತಗ್ಗಿದ ದನಿಯಲ್ಲಿ "ಹುಲಿಯಪ್ಪ" ಅಂದರು. ಪೂರ್ತಿ ಹೆಸರು ಅವರ ಬಾಯಲ್ಲಿ ಬಂದದ್ದು ಇಪ್ಪತ್ತಾರು ವರ್ಷಕ್ಕೆ. ಹೆಣಕ್ಕೆ ಅದೂ ಕೇಳಿಸಲಿಲ್ಲ.

ಸಂಜೆ ಭೀಮವ್ವ ಬಾಳೆಎಲೆಯಲ್ಲಿ ಎಡೆ ಇಡೋಳು. ಬಟ್ಟೆ ಅಡ್ಡ ಹಿಡಿಯೋರು. ಬಟ್ಟೆ ತೆಗೆದಾಗ ಎಲೆ ಖಾಲಿ. "ಕಾಗೆ ತಿಂತು" ಅನ್ನೋಳು ತಿಮ್ಮವ್ವಜ್ಜಿ. "ಭಾಳ ಹಸಿದಿತ್ತು ಪಾಪ."

ನಾಲ್ಕು ದಿನ ಆಯಿತು. ಎರಡೂ ಊರಲ್ಲಿ ಪೊರಕೆ ಆಡಲಿಲ್ಲ. ದೋಸೆ ಹೋಟೆಲುಗಳ ಮುಂದೆ ಎಲೆ ಗುಡ್ಡ ಬಿತ್ತು, ಹಂದಿ ಬಂದವು. ಚರಂಡಿ ಉಕ್ಕಿ ಬಡಾವಣೆಯ ಸ್ಕೂಟರುಗಳ ಚಕ್ರಕ್ಕೆ ಹತ್ತಿತು. ಶಿವಮೂರ್ತಪ್ಪ ಮೇಷ್ಟ್ರು ಮೂಗಿಗೆ ಕರ್ಚೀಫು ಒತ್ತಿ ಮಂಡಳಿ ಮೆಟ್ಟಿಲು ಹತ್ತಿದರು. ಆ ಸಲ ಯಾರಿಗೂ ವಂದನೆ ಹೇಳಲಿಲ್ಲ.

ಐದನೇ ದಿನ ಬೆಳಿಗ್ಗೆ ಬಕ್ಕೇಶ ಒಬ್ಬನೇ ಸೈಕಲ್ ಮೇಲೆ ಬಂದ. ಕೈಲಿ ಫೈಲು, ಜೇಬಲ್ಲಿ ಇಂಕ್ ಪ್ಯಾಡ್. ನಾಲ್ಕು ದಿನದಲ್ಲಿ ಇಳಿದು ಹೋಗಿದ್ದ.

"ಭೀಮವ್ವ, ಆರ್ಡರ್ ಆಗೈತೆ. ಇಲ್ಲಿ ಕಸ ಹಾಕಂಗಿಲ್ಲ. ಡಂಗುರದ ಕಾಗ್ದ ರದ್ದು. ಹುಲಿಯಪ್ಪ ಇದಕ್ಕೊಂದು ಹೆಬ್ಬೆಟ್ಟು ಒತ್ತಿ ಕೆಲಸಕ್ಕೆ ಬಂದ್ರೆ ಸಾಕು."

ಪ್ಯಾಡ್ ತೆಗೆದು, ಮುಟ್ಟದ ಹಾಗೆ, ಹೆಣದ ಹೆಬ್ಬೆರಳ ಹತ್ತಿರ ಹಿಡಿದ.

"ಕೈ ತೆಗೀರಿ" ಅಂದಳು ಭೀಮವ್ವ. "ಹೆಣದ ಹೆಬ್ಬೆಟ್ಟು ಒತ್ತಿಸಿಕೊಂಡ್ರೆ ಕೇಸ್ ಆಗ್ತೈತೆ ಗುಮಾಸ್ತ್ರೆ."

"ಮತ್ತೇನ್ ಮಾಡ್ಲವ್ವ ನಾನು?"

"ಅದರಾಗೇನ್ ಬರ್ದೀರಿ ಅಂತ ನಮಗೇನ್ ಗೊತ್ತು? ಸಾರ್ರಿ. ಇದೇ ಕೇರಿ ನಡುವೆ ನಿಂತು, ಹಲಗೆ ಬಡಿದು, ಎಲ್ರಿಗೂ ಕೇಳಂಗೆ ಸಾರ್ರಿ. ಹೆಣ ಐತಲ್ಲ, ಬಡೀಬೌದು."

ಹೆಗಲಿಂದ ಹಲಗೆ ಇಳಿಸಿ ಅವನ ಮುಂದೆ ಹಿಡಿದಳು.

ಬಕ್ಕೇಶ ಹಲಗೆ ನೋಡಿದ. ತನ್ನ ಕೈ ನೋಡಿಕೊಂಡ. ಎಡಗೈ ತಾನಾಗಿ ಏನನ್ನೋ ಹುಡುಕಿತು. ರೂಲು ದೊಣ್ಣೆ ಆಫೀಸಿನಲ್ಲಿ ಉಳಿದಿತ್ತು. ನಲವತ್ತು ಮನೆ ಜನ ಸುತ್ತ ನಿಂತಿದ್ದರು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭ ಆಗುತ್ತಿತ್ತು.

ತಗೊಂಡ. ತೊಗಲು ಅವನ ಇಸ್ತ್ರಿ ಅಂಗಿಗೆ ತಾಗಿತು. ಕೋಲು ಎತ್ತಿ ಡಬ್ ಡಬ್ ಅಂತ ಎರಡು ಬಡಿದ, ಬಾಗಿಲು ತಟ್ಟಿದ ಹಾಗೆ. "ಕೇಳ್ರಿ..." ಅಂದ. ದನಿ ಮೂಗಿಂದ ಆಚೆ ಬರಲಿಲ್ಲ.

"ಕೇಳ್ಸಲಿಲ್ಲ!" ಅಂದಳು ತಿಮ್ಮವ್ವಜ್ಜಿ.

ಮತ್ತೆ ಬಡಿದ. "ಕೇಳ್ರಪೋ ಕೇಳ್ರಿ... ಅವಳಿ ನಗರ ಮಂಡಳಿ... ಈ ಬಾವಿ ಹತ್ರ..." ಬೆವರು ಇಳಿದು ಅವನ ಬಾಯಂಚಿಗೆ ಬಂತು. ಎರಡು ಕೈಯೂ ಹಲಗೆ ಮೇಲಿದ್ದವು. ಒರೆಸಿಕೊಳ್ಳೋಕೆ ಆಗಲಿಲ್ಲ.

ಆಗ ಹೆಣ ಕೈ ಎತ್ತಿ ಗಲ್ಲದ ಬಟ್ಟೆಯ ಗಂಟು ಬಿಚ್ಚಿತು. ಒಂದು ಕಣ್ಣು ತೆರೆಯಿತು.

"ತಾಳ ತಪ್ತು" ಅಂದ ಹುಲಿಯಪ್ಪ. ಅದು ಯಾರ ದನಿಯೂ ಅಲ್ಲ. ಅವನದೇ. "ಮೊದ್ಲಿಂದ ಬಡಿ."